ರಾತ್ರಿ ಎರಡಕ್ಕೆ ಎದ್ದು ಓಡುವ ಬಡಗಿ: ಜರ್ಮನಿಯ ಹಳ್ಳಿಗಳಲ್ಲಿ ಬೆಂಕಿ ಆರಿಸುವವರು ಯಾರು?

ನಮ್ಮ ಎದುರು ಮನೆಯವರು ಬಡಗಿ. ಬವೇರಿಯಾದ ಈ ಹಳ್ಳಿಗೆ ನಾವು ಬಂದ ಮೊದಲ ಚಳಿಗಾಲದಲ್ಲಿ ಒಂದು ರಾತ್ರಿ ಎರಡು ಗಂಟೆಗೆ ಸೈರನ್ ಕೂಗಿತು. ಕಿಟಕಿ ತೆರೆದು ನೋಡಿದರೆ ಅವರು ಜಾಕೆಟ್ಟಿನ ಒಂದು ತೋಳು ಮಾತ್ರ ಏರಿಸಿಕೊಂಡು ಕಾರಿನ ಕಡೆ ಓಡುತ್ತಿದ್ದರು. ಸ್ವಲ್ಪ ಹೊತ್ತಿಗೆ ನೀಲಿ ದೀಪದ ಲಾರಿಯೊಂದು ಬೀದಿ ದಾಟಿತು. ಬೆಳಗ್ಗೆ ಏಳಕ್ಕೆ ಅದೇ ಮನುಷ್ಯ ಎಂದಿನಂತೆ ವ್ಯಾನಿಗೆ ಹಲಗೆ ಏರಿಸುತ್ತಿದ್ದರು. ಏನಾಗಿತ್ತು ಎಂದು ಕೇಳಿದೆ. ಪಕ್ಕದ ಊರಲ್ಲಿ ದನದ ಕೊಟ್ಟಿಗೆ ಹೊತ್ತಿಕೊಂಡಿತ್ತಂತೆ, ದನಗಳೆಲ್ಲ ಹೊರಗೆ ಬಂದವು ಎಂದರು. ಹಗಲು ಬಡಗಿ ಕೆಲಸ, ರಾತ್ರಿ ಅಗ್ನಿಶಾಮಕ ಇಲಾಖೆಯ ನೌಕರಿ ಇರಬೇಕು ಎಂದುಕೊಂಡೆ. ಆದರೆ ಅಂಥ ಇಲಾಖೆಯೇ ಈ ಊರಿಗಿಲ್ಲ. ಇರುವುದು ಇವರೇ: ಬಡಗಿ, ಬ್ರೆಡ್ ಮಾಡುವವರು, ಶಾಲೆಯ ಟೀಚರು, ಹೈನುಗಾರರು, ಬ್ಯಾಂಕಿನ ಗುಮಾಸ್ತೆ. ಯಾರಿಗೂ ಸಂಬಳವಿಲ್ಲ.

ಕರ್ನಾಟಕದಲ್ಲಿ ಬೆಳೆದವರಿಗೆ ಇದು ಸುಲಭಕ್ಕೆ ನಂಬುವ ಸಂಗತಿಯಲ್ಲ. ನಮಗೆ ಅಗ್ನಿಶಾಮಕ ಠಾಣೆ ಎಂದರೆ ಸರ್ಕಾರದ್ದು, ಪೇಟೆಯಲ್ಲಿ ಇರುವಂಥದ್ದು, ಸಂಬಳದ ಸಿಬ್ಬಂದಿ ಪಾಳಿಯ ಮೇಲೆ ಕಾಯುವಂಥದ್ದು. ಜರ್ಮನಿಯಲ್ಲಿ ಲೆಕ್ಕ ತಲೆಕೆಳಗು. ನಗರಗಳ ವೃತ್ತಿಪರ ದಳಗಳಲ್ಲಿ ಇರುವವರು ಸುಮಾರು 35 ಸಾವಿರ ಜನ. ‘ಫ್ರೈವಿಲಿಗೆ ಫೊಯರ್‌ವೇರ್’ ಎಂದು ಕರೆಯುವ ಸ್ವಯಂಸೇವಕ ದಳಗಳಲ್ಲಿ ಇರುವವರು ಸುಮಾರು 10 ಲಕ್ಷ. ಇಡೀ ಬವೇರಿಯಾ ರಾಜ್ಯದಲ್ಲಿ ವೃತ್ತಿಪರ ದಳ ಇರುವುದು 7 ನಗರಗಳಲ್ಲಿ ಮಾತ್ರ: ಮ್ಯೂನಿಕ್, ನ್ಯೂರೆಂಬರ್ಗ್, ಆಗ್ಸ್‌ಬರ್ಗ್, ರೇಗೆನ್ಸ್‌ಬರ್ಗ್, ವುರ್ಟ್ಸ್‌ಬರ್ಗ್, ಇಂಗೋಲ್‌ಸ್ಟಾಟ್, ಫ್ಯೂರ್ತ್. ಮಿಕ್ಕ ಕಡೆಯೆಲ್ಲ ಊರಿನವರದೇ ಕೆಲಸ. ಮ್ಯೂನಿಕ್‌ನಂಥ ದೊಡ್ಡ ನಗರದಲ್ಲೂ ವೃತ್ತಿಪರರ ಜೊತೆಗೆ ಸ್ವಯಂಸೇವಕ ದಳವಿದೆ.

ಹೀಗೇಕೆ ಎಂಬುದಕ್ಕೆ ಉತ್ತರ ಗಡಿಯಾರದಲ್ಲಿದೆ. ಬೆಂಕಿಯಿಂದ ಊರನ್ನು ಕಾಯುವ ಹೊಣೆಯನ್ನು ಕಾನೂನು ‘ಗೆಮೈಂಡೆ’ಗೆ ಹೊರಿಸಿದೆ. ಗೆಮೈಂಡೆ ಎಂದರೆ ನಮ್ಮ ಗ್ರಾಮ ಪಂಚಾಯಿತಿಗೆ ಹತ್ತಿರದ ಸಂಸ್ಥೆ. ಬವೇರಿಯಾದ ಗುರಿ ಹೀಗಿದೆ: ತುರ್ತು ಕರೆ ನಿಯಂತ್ರಣ ಕೇಂದ್ರಕ್ಕೆ ತಲುಪಿದ 10 ನಿಮಿಷದೊಳಗೆ, ರಸ್ತೆ ಬದಿಯ ಯಾವ ಜಾಗಕ್ಕಾದರೂ ನೆರವು ಮುಟ್ಟಬೇಕು. ಕರೆ ಸ್ವೀಕರಿಸಿ, ವಿಳಾಸ ಕೇಳಿ, ದಳದವರು ಜೊತೆಗಿಟ್ಟುಕೊಳ್ಳುವ ಕರೆಗಂಟೆಯಂಥ ಪೇಜರ್ ಮೊಳಗಿಸಲು ಒಂದೆರಡು ನಿಮಿಷ ಬೇಕು. ಮಲಗಿದ್ದವರು ಎದ್ದು, ದಳದ ಮನೆಗೆ ಬಂದು, ಉಡುಪು ತೊಟ್ಟು, ಲಾರಿ ಹೊರಡಿಸಲು ಇನ್ನೊಂದು ನಾಲ್ಕೈದು. ಉಳಿಯುವುದು ಮೂರು-ನಾಲ್ಕು ನಿಮಿಷದ ದಾರಿ. ಅಷ್ಟರಲ್ಲಿ ಲಾರಿ ಎಷ್ಟು ದೂರ ಹೋದೀತು? ಹೆಚ್ಚೆಂದರೆ ಮೂರು-ನಾಲ್ಕು ಕಿಲೋಮೀಟರು. ಹಾಗಾಗಿ ಹೆಚ್ಚುಕಡಿಮೆ ಪ್ರತಿ ಹಳ್ಳಿಗೂ ಒಂದು ದಳ ಬೇಕಾಗುತ್ತದೆ, ಬವೇರಿಯಾ ಒಂದರಲ್ಲೇ ಅಂಥವು 7,000ಕ್ಕೂ ಹೆಚ್ಚು ಇವೆ. ಅಷ್ಟು ಕಡೆ ಹಗಲು ರಾತ್ರಿ ಸಂಬಳದ ಸಿಬ್ಬಂದಿಯನ್ನು ಕೂರಿಸುವಷ್ಟು ಹಣ ಯಾವ ಪಂಚಾಯಿತಿಗೂ ಇಲ್ಲ. ಲಾರಿ, ಪಂಪು, ಉಡುಪು, ಕಟ್ಟಡ, ಇವುಗಳ ಖರ್ಚು ಪಂಚಾಯಿತಿಯದು, ಕೈಕಾಲು ಊರಿನವರದು.

ಇದು ಶುರುವಾದ ಕಾಲ ನಮಗೆ ಇನ್ನೊಂದು ಕಾರಣಕ್ಕೆ ಪರಿಚಿತ. ವುರ್ಟೆಂಬರ್ಗ್‌ನಿಂದ ಬಂದ ಹರ್ಮನ್ ಮೋಗ್ಲಿಂಗ್ ಮಂಗಳೂರಿನಲ್ಲಿ ಕನ್ನಡದ ಮೊದಲ ಪತ್ರಿಕೆ ‘ಮಂಗಳೂರು ಸಮಾಚಾರ’ ಹೊರಡಿಸಿದ್ದು 1843ರಲ್ಲಿ. ಅದೇ ದಶಕದಲ್ಲಿ, ವುರ್ಟೆಂಬರ್ಗ್‌ನ ನೆರೆಯ ಬಾಡೆನ್ ಸೀಮೆಯ ದುರ್ಲಾಖ್ ಪಟ್ಟಣ ಕಾರ್ಲ್ ಮೆಟ್ಸ್ ಎಂಬವರಿಂದ ಹೊಸ ಕೈಪಂಪು ಕೊಂಡಿತು. ಪಂಪು ಬಂದರೆ ಸಾಲದು, ಅದನ್ನು ನಡೆಸಲು ಪಳಗಿದ ಒಂದು ತಂಡ ಬೇಕು ಎಂದು ಊರಿನ ಕಟ್ಟಡಗಳ ಮೇಲ್ವಿಚಾರಕ ಕ್ರಿಸ್ಟಿಯಾನ್ ಹೆಂಗ್ಸ್ಟ್ 1846ರಲ್ಲಿ ಸ್ವಯಂಸೇವಕರ ಪಡೆ ಕಟ್ಟಿದರು. ಅದಕ್ಕೂ ಮೊದಲು 1841ರಲ್ಲೇ ಮೈಸೆನ್ ಪಟ್ಟಣದಲ್ಲಿ ಇಂಥದೊಂದು ದಳ ಹುಟ್ಟಿತ್ತು. ಆದರೆ ದೇಶದ ಕಣ್ಣು ತೆರೆಸಿದ್ದು 1847ರ ಫೆಬ್ರವರಿ 28. ಆ ಸಂಜೆ ಕಾರ್ಲ್ಸ್‌ರೂಹೆಯ ಆಸ್ಥಾನ ರಂಗಮಂದಿರಕ್ಕೆ ಬೆಂಕಿ ಬಿದ್ದು 60ಕ್ಕೂ ಹೆಚ್ಚು ಜನ ಸತ್ತರು. ಪಕ್ಕದ ದುರ್ಲಾಖ್‌ನಿಂದ ಧಾವಿಸಿದ ಆ ಹೊಸ ಪಡೆ, ಬೆಂಕಿ ಅಕ್ಕಪಕ್ಕದ ಕಟ್ಟಡಗಳಿಗೆ ಹಬ್ಬದಂತೆ ತಡೆಯಿತು. ಅಲ್ಲಿಯವರೆಗೆ ಬೆಂಕಿ ಬಿದ್ದರೆ ಊರಿಗೆ ಊರೇ ಬಕೆಟ್ ಹಿಡಿದು ಓಡುತ್ತಿತ್ತು, ಕೂಗಾಟದಲ್ಲೇ ಅರ್ಧ ಹೊತ್ತು ಹೋಗುತ್ತಿತ್ತು. ಕಡಿಮೆ ಜನ, ಆದರೆ ಪಳಗಿದ ಜನ, ಎಷ್ಟು ಕೆಲಸ ಮಾಡಬಲ್ಲರು ಎಂಬುದು ಆವತ್ತು ಎಲ್ಲರಿಗೂ ಕಂಡಿತು. ಮುಂದಿನ ವರ್ಷಗಳಲ್ಲಿ ಊರೂರಲ್ಲೂ ದಳಗಳು ಎದ್ದವು. ಬಹಳ ಕಡೆ ಅವುಗಳನ್ನು ಕಟ್ಟಿದ್ದು ಕಸರತ್ತಿನ ಸಂಘಗಳ ಹುಡುಗರು. ನಮ್ಮಲ್ಲಿ ಗರಡಿಮನೆಯ ಪೈಲ್ವಾನರು ಕಟ್ಟಿದ ಹಾಗೆ ಎನ್ನಬಹುದು. ಏಣಿ ಹತ್ತಲು, ಗೋಡೆ ಏರಲು ಅವರಿಗಿಂತ ತಕ್ಕವರು ಇರಲಿಲ್ಲ.

ಈಗ ಲಾರಿಯೊಳಗೆ ಬರೋಣ. ಪೂರ್ಣ ತಂಡವೆಂದರೆ 9 ಜನ. ಒಬ್ಬ ನಾಯಕ, ಒಬ್ಬ ಲಾರಿ ಮತ್ತು ಪಂಪು ನಡೆಸುವ ಚಾಲಕ, ಒಬ್ಬ ಸಂದೇಶ ಮುಟ್ಟಿಸುವವನು, ಮತ್ತೆ ಇಬ್ಬಿಬ್ಬರ ಮೂರು ಜೋಡಿ. ಮೊದಲ ಜೋಡಿ ಬೆಂಕಿಗೆ ನುಗ್ಗುವುದು, ಎರಡನೆಯದು ನೀರಿನ ವ್ಯವಸ್ಥೆ ನೋಡುವುದು, ಮೂರನೆಯದು ಪೈಪು ಹಾಸುವುದು. ಯಾವ ಸೀಟಿನಲ್ಲಿ ಕೂತರೆ ಯಾವ ಕೆಲಸ ಎಂಬುದು ಮೊದಲೇ ಗೊತ್ತು. ಹಾಗಾಗಿ ಅರ್ಧ ನಿದ್ದೆಯಲ್ಲಿ ಓಡಿಬಂದವರೂ ‘ನಾನೇನು ಮಾಡಲಿ’ ಎಂದು ಕೇಳಬೇಕಿಲ್ಲ.

ನನಗೆ ಇಲ್ಲಿ ತುಂಬ ಹಿಡಿಸಿದ್ದು ನಾಯಕ ಕೊಡುವ ಅಪ್ಪಣೆಯ ವಾಕ್ಯ. ಅದಕ್ಕೊಂದು ಕಟ್ಟುನಿಟ್ಟಾದ ಕ್ರಮವಿದೆ: ನೀರು ಎಲ್ಲಿಂದ, ಪೈಪಿನ ಕವಲು ಎಲ್ಲಿ, ಯಾರು, ಯಾವ ಕೆಲಸಕ್ಕೆ, ಯಾವ ಸಾಧನದಿಂದ, ಎಲ್ಲಿಗೆ, ಯಾವ ದಾರಿಯಲ್ಲಿ. ‘ನೀರು ಬೀದಿಯ ಹೈಡ್ರೆಂಟಿನಿಂದ, ಕವಲು ಬಾಗಿಲ ಮುಂದೆ, ಮೊದಲ ಜೋಡಿ, ಒಳಗಿರುವವರನ್ನು ಪಾರುಮಾಡಲು, ಉಸಿರಾಟದ ಸಿಲಿಂಡರು ಮತ್ತು ಒಂದು ಪೈಪಿನೊಂದಿಗೆ, ಎರಡನೇ ಮಹಡಿಗೆ, ಮೆಟ್ಟಿಲಿನಿಂದ, ಹೊರಡಿ!’ ಶಾಲೆಯಲ್ಲಿ ಉ, ಅನ್ನು, ಇಂದ, ಗೆ, ಅಲ್ಲಿ ಎಂದು ವಿಭಕ್ತಿ ಪ್ರತ್ಯಯ ಬಾಯಿಪಾಠ ಮಾಡಿದ ನಮಗೆ ಇದು ಸಲೀಸಾಗಿ ಅರ್ಥವಾಗಬೇಕು. ಕರ್ತೃ, ಕರ್ಮ, ಕರಣ, ಅಧಿಕರಣ, ಒಂದೂ ಬಿಟ್ಟುಹೋಗುವಂತಿಲ್ಲ. ಹೊಗೆಯಲ್ಲಿ ಒಂದು ವಿಭಕ್ತಿ ತಪ್ಪಿದರೆ ಇಬ್ಬರು ತಪ್ಪು ಮಹಡಿಗೆ ಹೋಗುತ್ತಾರೆ. ಅದಕ್ಕೇ ಮೊದಲ ಜೋಡಿ ಅಪ್ಪಣೆಯನ್ನು ಮತ್ತೆ ಬಾಯಿಬಿಟ್ಟು ಹೇಳಿಯೇ ಹೊರಡಬೇಕು.

ಪೈಪುಗಳ ಕೊಂಡಿಯ ಬಗ್ಗೆಯೂ ಒಂದು ಮಾತು. ಮಾಮೂಲಿ ನಲ್ಲಿ ಪೈಪಿಗೆ ಒಳಗಿನ ತಿರುಪು, ಹೊರಗಿನ ತಿರುಪು ಎಂದು ಎರಡು ಬಗೆಯ ತುದಿ ಇರುತ್ತವೆ. ತಪ್ಪು ತುದಿ ಕೈಗೆ ಬಂದರೆ ಪೈಪು ತಿರುಗಿಸಿ ಹಿಡಿಯಬೇಕು. ಗೀಡೊ ಷ್ಟೋರ್ಟ್ಸ್ 1882ರಲ್ಲಿ ಮಾಡಿದ ಕೊಂಡಿಯ ಎರಡೂ ತುದಿ ಒಂದೇ ಥರ. ಯಾವ ತುದಿಯನ್ನಾದರೂ ಯಾವುದಕ್ಕಾದರೂ ಒತ್ತಿ ಸ್ವಲ್ಪ ತಿರುಗಿಸಿದರೆ ಕೂತುಬಿಡುತ್ತದೆ. ನಾಲ್ಕು ಹಳ್ಳಿಯ ನಾಲ್ಕು ದಳ ಕತ್ತಲಲ್ಲಿ ಒಂದೇ ಕಡೆ ಸೇರಿದಾಗ, ನಮ್ಮ ಪೈಪು ನಿಮ್ಮ ಪಂಪಿಗೆ ಹೊಂದುತ್ತದೋ ಇಲ್ಲವೋ ಎಂಬ ಪ್ರಶ್ನೆಯೇ ಏಳುವುದಿಲ್ಲ. ಒಂದೂವರೆ ಶತಮಾನದ ಹಿಂದಿನ ಈ ಒಂದು ತುಣುಕು ಲೋಹ ಉಳಿಸಿರುವ ನಿಮಿಷಗಳನ್ನು ಎಣಿಸಲಾಗದು.

ಬೆಂಕಿಗಿಂತ ಹೊಗೆಯೇ ಹೆಚ್ಚು ಜನರನ್ನು ಕೊಲ್ಲುತ್ತದೆ. ಅದರಲ್ಲಿರುವ ಕಾರ್ಬನ್ ಮೊನಾಕ್ಸೈಡಿಗೆ ವಾಸನೆಯಿಲ್ಲ, ಬಣ್ಣವಿಲ್ಲ. ಮಲಗಿದವರು ಏಳುವುದೇ ಇಲ್ಲ. ಒಳಹೋಗುವವರು ಬೆನ್ನಿಗೆ ಗಾಳಿಯ ಸಿಲಿಂಡರು ಕಟ್ಟಿಕೊಳ್ಳುತ್ತಾರೆ. ಸಾಮಾನ್ಯವಾದದ್ದು 6 ಲೀಟರಿನದು, 300 ಬಾರ್ ಒತ್ತಡದಲ್ಲಿ ತುಂಬಿದ್ದು. ಭಾರ ಹೊತ್ತು, ತೆವಳಿ, ಭಯದಲ್ಲಿ ಉಸಿರಾಡುವಾಗ ಅದು ಸುಮಾರು ಅರ್ಧ ಗಂಟೆ ಬಂದರೆ ಹೆಚ್ಚು. ನಿಯಮ ಸರಳ: ಒಳಹೋಗಲು ಎಷ್ಟು ಗಾಳಿ ಖರ್ಚಾಯಿತೋ ಅದರ ಎರಡರಷ್ಟು ಮರಳಲು ಉಳಿದಿರಬೇಕು. ಒಬ್ಬರೇ ಒಳಹೋಗುವಂತಿಲ್ಲ. ಇಬ್ಬರು ಹೋದರೆ ಇಬ್ಬರೂ ಒಟ್ಟಿಗೇ ಬರಬೇಕು. ಹೊರಗೆ ಇನ್ನಿಬ್ಬರು ಸಿಲಿಂಡರು ಕಟ್ಟಿಕೊಂಡು, ಇವರಿಗೇನಾದರೂ ಆದರೆ ನುಗ್ಗಲು ಸಿದ್ಧರಾಗಿ ನಿಂತಿರುತ್ತಾರೆ. ಬಾಗಿಲ ಬಳಿ ಒಬ್ಬರು ಹಲಗೆಯ ಮೇಲೆ ಹೆಸರು, ಸಮಯ, ಉಳಿದ ಒತ್ತಡ ಬರೆದುಕೊಳ್ಳುತ್ತ ಇರುತ್ತಾರೆ. ಈ ಕೆಲಸಕ್ಕೆ 18 ತುಂಬಿರಬೇಕು, ವೈದ್ಯರ ತಪಾಸಣೆ ಆಗಿರಬೇಕು, ವರ್ಷಕ್ಕೊಮ್ಮೆ ಕತ್ತಲ ಗೂಡುಗಳಲ್ಲಿ ತೆವಳುವ ಪರೀಕ್ಷೆ ಪಾಸಾಗಬೇಕು. ಗಡ್ಡ ಇರುವಂತಿಲ್ಲ, ಮುಖವಾಡದ ಅಂಚಿನಲ್ಲಿ ಹೊಗೆ ನುಸುಳುತ್ತದೆ. ನೀರು ಹೊಡೆಯುವುದಕ್ಕೂ ಲೆಕ್ಕವಿದೆ. ಒಂದು ಲೀಟರು ನೀರು ಆವಿಯಾದರೆ ಸುಮಾರು 1,700 ಲೀಟರಿನಷ್ಟು ಜಾಗ ತುಂಬುತ್ತದೆ. ಮುಚ್ಚಿದ ಕೋಣೆಯಲ್ಲಿ ಸಿಕ್ಕಾಪಟ್ಟೆ ನೀರು ಎರಚಿದರೆ ಆ ಹಬೆಯೇ ಒಳಗಿರುವವರನ್ನು ಬೇಯಿಸುತ್ತದೆ.

ಇಷ್ಟನ್ನೆಲ್ಲ ಸಂಜೆ ಹೊತ್ತಿನಲ್ಲಿ, ವಾರದ ದುಡಿಮೆ ಮುಗಿಸಿ, ಕಲಿಯುವವರು ಇವರು. ಸ್ವಯಂಸೇವಕ ಎಂದರೆ ಕೈಲಾದಷ್ಟು ಮಾಡುವವನು ಎಂಬ ಅರ್ಥ ಇಲ್ಲಿ ನಡೆಯುವುದಿಲ್ಲ. ಸೇರುವುದು ನಿಮ್ಮ ಇಷ್ಟ. ಸೇರಿದ ಮೇಲೆ ತರಬೇತಿಗೆ ಬರುವುದು, ಕರೆ ಬಂದಾಗ ಓಡುವುದು ಕರ್ತವ್ಯ. ಅದಕ್ಕೆ ತಕ್ಕಂತೆ ಕಾನೂನು ಇವರ ಬೆನ್ನಿಗೂ ನಿಂತಿದೆ. ಕೆಲಸದ ಹೊತ್ತಿನಲ್ಲಿ ಪೇಜರ್ ಮೊಳಗಿದರೆ ಮಾಲೀಕರು ಬಿಡಲೇಬೇಕು, ಆ ಹೊತ್ತಿನ ಸಂಬಳ ಕಡಿಯುವಂತಿಲ್ಲ; ಖಾಸಗಿ ಮಾಲೀಕರಿಗೆ ಆ ಹಣವನ್ನು ಪಂಚಾಯಿತಿ ತುಂಬಿಕೊಡುತ್ತದೆ. ಗಾಯವಾದರೆ ವಿಮೆಯಿದೆ. ಬವೇರಿಯಾದಲ್ಲಿ ದಳದ ಮುಖ್ಯಸ್ಥರನ್ನು ದಳದವರೇ ಗುಪ್ತ ಮತದಾನದಿಂದ 6 ವರ್ಷಕ್ಕೆ ಆರಿಸುತ್ತಾರೆ. ಬೆಂಕಿಯ ಮುಂದೆ ಎದುರು ಮಾತಿಲ್ಲದೆ ಪಾಲಿಸಬೇಕಾದ ಅಪ್ಪಣೆಯನ್ನು ಕೊಡುವವರು, ತಾವೇ ಮತ ಹಾಕಿ ಆರಿಸಿದವರು.

ಹೊರಗಿನವರಿಗೆ ಗೊಂದಲವಾಗುವ ಇನ್ನೊಂದು ವಿಷಯವಿದೆ. ಒಂದೇ ಕಟ್ಟಡದಲ್ಲಿ, ಹೆಚ್ಚುಕಡಿಮೆ ಅದೇ ಜನರ ನಡುವೆ, ಎರಡು ಸಂಸ್ಥೆಗಳಿವೆ. ಒಂದು ಬೆಂಕಿ ಆರಿಸುವ ದಳ, ಅದು ಪಂಚಾಯಿತಿಯ ಅಂಗ. ಇನ್ನೊಂದು ಅದರ ಸಂಘ. ಧ್ವಜ, ಹಬ್ಬ, ಮಕ್ಕಳ ಶಿಬಿರ, ಹಿರಿಯರ ಹುಟ್ಟುಹಬ್ಬ, ಸತ್ತವರ ಮೆರವಣಿಗೆ ಎಲ್ಲ ಸಂಘದ್ದು. ಸಂಘಕ್ಕೆ ಯಾರು ಬೇಕಾದರೂ ಚಂದಾ ಕೊಟ್ಟು ಸದಸ್ಯರಾಗಬಹುದು. ನಾನು ಹಾಗೆ ಆದವನು. ಮಗಳಿಗೆ ಈಗ 13, ಅವಳು ಮಕ್ಕಳ ದಳದಲ್ಲಿ ಗಂಟು ಹಾಕಲು, ಪೈಪು ಬಿಚ್ಚಲು ಕಲಿಯುತ್ತಿದ್ದಾಳೆ.

ಮೊದಮೊದಲು ಈ ಹಬ್ಬ ಹರಿದಿನಗಳನ್ನೆಲ್ಲ ಕೆಲಸದ ಮೇಲಿನ ಅಲಂಕಾರ ಎಂದೇ ತಿಳಿದಿದ್ದೆ. ಈಗ ನನ್ನ ಅಭಿಪ್ರಾಯ ಪೂರ್ತಿ ಬದಲಾಗಿದೆ. ಮೇ 1ರಂದು ಊರ ನಡುವೆ ಉದ್ದನೆಯ ಮರದ ಕಂಬ ನಿಲ್ಲಿಸುವ ಪದ್ಧತಿ ಇಲ್ಲಿದೆ. ಹಲವು ಊರುಗಳಲ್ಲಿ ಈಗಲೂ ಕ್ರೇನ್ ತರುವುದಿಲ್ಲ. ಜೋಡಿ ಕೋಲುಗಳ ಕತ್ತರಿಯಲ್ಲಿ ಕಂಬವನ್ನು ಹಿಡಿದು, ಒಬ್ಬ ಕೂಗಿದಂತೆ ಎಲ್ಲರೂ ಒಂದೇ ಉಸಿರಿಗೆ ಇಷ್ಟಿಷ್ಟೇ ಎತ್ತುತ್ತ ಹೋಗುತ್ತಾರೆ. ನಮ್ಮಲ್ಲಿ ತೇರು ಎಳೆಯುವಾಗ, ಚಕ್ರಕ್ಕೆ ಮರದ ತುಂಡು ಕೊಡುವವನ ಮೇಲೆ ಎಲ್ಲರ ಕಣ್ಣಿರುವುದಿಲ್ಲವೇ, ಹಾಗೆ. ಯಾರ ಕೈ ಗಟ್ಟಿ, ಯಾರು ಗಾಬರಿಯಾಗುತ್ತಾರೆ, ಯಾರ ಕೂಗಿಗೆ ಜನ ಓಗೊಡುತ್ತಾರೆ ಎಂಬುದು ಊರಿಗೆಲ್ಲ ತಿಳಿಯುವುದು ಇಂಥ ದಿನಗಳಲ್ಲೇ.

ದಳಕ್ಕೆ 125 ಅಥವಾ 150 ವರ್ಷ ತುಂಬಿದಾಗ ನಡೆಯುವ ಹಬ್ಬದ ಒಂದು ಆಚಾರ ಇನ್ನೂ ಸೊಗಸು. ಹಬ್ಬ ಮಾಡುವ ದಳ ಪಕ್ಕದ ಊರಿನ ದಳಕ್ಕೆ ಹೋಗಿ ‘ನಮ್ಮ ಹಬ್ಬಕ್ಕೆ ನೀವು ಹಿರಿಯರಾಗಿ ನಿಲ್ಲಬೇಕು’ ಎಂದು ಬೇಡಿಕೊಳ್ಳಬೇಕು. ಅವರು ಸುಲಭಕ್ಕೆ ಒಪ್ಪುವುದಿಲ್ಲ. ಚೂಪು ಅಂಚಿನ ಸೌದೆಯ ಮೇಲೆ ಮಂಡಿಯೂರಿಸಿ, ಕಾಡಿಸಿ, ಊಟ ಹಾಕಿಸಿ, ಆಮೇಲೆ ಹೂಂ ಎನ್ನುತ್ತಾರೆ. ಕೊಟ್ಟಿಗೆ ಹೊತ್ತಿಕೊಂಡ ರಾತ್ರಿ ನಮ್ಮ ಬಡಗಿ ಓಡಿದ್ದು ಅಂಥ ನೆಂಟಸ್ತಿಕೆಯ ಊರಿಗೇ. ಅಲ್ಲಿ ಸೇರಿದ ಎರಡು ದಳದವರಿಗೆ ಪರಸ್ಪರ ಹೆಸರು, ಸ್ವಭಾವ, ಹಳೆಯ ಜಗಳ ಎಲ್ಲ ಗೊತ್ತಿತ್ತು. ಕಣ್ಣು ಕಾಣದ ಹೊಗೆಯೊಳಗೆ ಇನ್ನೊಬ್ಬರ ಭುಜ ಹಿಡಿದು ಹೋಗಲು ಬೇಕಾದ ನಂಬಿಕೆ ತರಬೇತಿಯ ಪುಸ್ತಕದಿಂದ ಬರುವುದಿಲ್ಲ.

ಬವೇರಿಯಾದ ಹಳೆಯ ಮನೆಗಳ ಗೋಡೆಯ ಮೇಲೆ, ಉರಿಯುವ ಮನೆಗೆ ಕೊಡದಿಂದ ನೀರು ಸುರಿಯುವ ಯೋಧನ ಚಿತ್ರ ಕಾಣುತ್ತದೆ. ಅದು ಸಂತ ಫ್ಲೋರಿಯಾನ್, ಬೆಂಕಿಯಿಂದ ಕಾಯುವವನು. ಅವನ ಹಬ್ಬ ಮೇ 4. ವೈರ್‌ಲೆಸ್‌ನಲ್ಲಿ ಅಗ್ನಿಶಾಮಕ ಲಾರಿಗಳ ಕರೆಹೆಸರೂ ‘ಫ್ಲೋರಿಯಾನ್’. ಅವನ ಬಗ್ಗೆ ಒಂದು ಹಳೆಯ ಪ್ರಾರ್ಥನೆ ಜನರ ಬಾಯಲ್ಲಿದೆ: ‘ಸಂತ ಫ್ಲೋರಿಯಾನ್, ನನ್ನ ಮನೆ ಉಳಿಸು, ಬೇರೆಯವರದಕ್ಕೆ ಹಚ್ಚು.’ ಬೆಂಕಿಗೆ ಹೆದರಿದ ಮನುಷ್ಯನ ಮನಸ್ಸು ಹೇಗಿರುತ್ತದೆ ಎಂಬುದು ಇದರಲ್ಲಿದೆ. ಪೇಜರ್ ಕೂಗಿದಾಗ ಏಳುವವರು ಈ ಪ್ರಾರ್ಥನೆಗೆ ಬೆನ್ನು ತಿರುಗಿಸಿದವರು.

ಕರೆಗಳಲ್ಲಿ ಹೆಚ್ಚಿನವು ಬೆಂಕಿಯದೇ ಅಲ್ಲ. ಗಾಳಿಗೆ ಉರುಳಿದ ಮರ, ರಸ್ತೆಯಲ್ಲಿ ಚೆಲ್ಲಿದ ಎಣ್ಣೆ, ನೀರು ನುಗ್ಗಿದ ನೆಲಮಾಳಿಗೆ, ಜಜ್ಜಿಹೋದ ಕಾರು. ಕಾರಿನದೇ ಕಷ್ಟ. ತಗಡು ಕತ್ತರಿಸಿ ಒಳಗೆ ನೋಡಿದರೆ ಅಲ್ಲಿರುವುದು ಪರಿಚಯದ ಮುಖವಾಗಿರಬಹುದು. ಹಳ್ಳಿಯ ದಳಕ್ಕೂ ನಗರದ ದಳಕ್ಕೂ ಇರುವ ದೊಡ್ಡ ವ್ಯತ್ಯಾಸ ಇದೇ. ಅಂಥ ಕರೆ ಮುಗಿದ ಮೇಲೆ ಮಾತಾಡಿಸಲು ತರಬೇತಿ ಪಡೆದವರು ಬರುತ್ತಾರೆ. ಅದಕ್ಕಿಂತ ಮೊದಲು, ದಳದ ಮನೆಯ ಉದ್ದ ಮೇಜಿನ ಸುತ್ತ ಎಲ್ಲರೂ ಒಂದಷ್ಟು ಹೊತ್ತು ಸುಮ್ಮನೆ ಕೂರುತ್ತಾರೆ. ಯಾರನ್ನೂ ಒಬ್ಬರೇ ಮನೆಗೆ ಕಳಿಸುವುದಿಲ್ಲ. 2021ರ ಜುಲೈ ಪ್ರವಾಹದಲ್ಲಿ ಜರ್ಮನಿಯಲ್ಲಿ 180ಕ್ಕೂ ಹೆಚ್ಚು ಜನ ಸತ್ತಾಗ ಅವರಲ್ಲಿ ಈ ದಳಗಳವರೂ ಇದ್ದರು. 2024ರ ಜೂನ್‌ನಲ್ಲಿ ಬವೇರಿಯಾದ ಫಾಫೆನ್‌ಹೋಫೆನ್‌ನಲ್ಲಿ ನೆರೆ ನೀರಿನಲ್ಲಿ ಜನರನ್ನು ಕಾಪಾಡಲು ಹೋದ ಸ್ವಯಂಸೇವಕರೊಬ್ಬರು ದೋಣಿ ಮಗುಚಿ ತೀರಿಕೊಂಡರು. ಆ ವಾರ ನಮ್ಮೂರಿನ ದಳದವರ ಮುಖ ನೋಡಲಾಗುತ್ತಿರಲಿಲ್ಲ.

ಈ ವ್ಯವಸ್ಥೆಗೆ ಬಿರುಕೂ ಬಿಟ್ಟಿದೆ. ಹಿಂದೆ ಊರಲ್ಲೇ ಹೊಲ, ಊರಲ್ಲೇ ಕಮ್ಮಾರಸಾಲೆ. ಹಗಲೂ ಜನ ಇರುತ್ತಿದ್ದರು. ಈಗ ಬೆಳಗಾದರೆ ಅರ್ಧ ಊರು ನಗರದ ಆಫೀಸುಗಳಲ್ಲಿ. ಹಗಲು ಹನ್ನೊಂದಕ್ಕೆ ಬೆಂಕಿ ಬಿದ್ದರೆ ಒಂಬತ್ತು ಸೀಟು ತುಂಬುವುದು ಕಷ್ಟ. ಅದಕ್ಕೇ ನಿಯಂತ್ರಣ ಕೇಂದ್ರ ಒಂದೇ ಸಲ ಎರಡು ಮೂರು ಊರುಗಳನ್ನು ಎಬ್ಬಿಸುತ್ತದೆ. ಸ್ವಯಂಸೇವಕರು ಸಾಲದೇ ಹೋದರೆ ಊರಿನವರನ್ನು ಕಡ್ಡಾಯವಾಗಿ ಸೇರಿಸುವ ಅಧಿಕಾರ ಪಂಚಾಯಿತಿಗಿದೆ. ಉತ್ತರದ ಶ್ಲೆಸ್ವಿಗ್-ಹೋಲ್‌ಸ್ಟೈನ್‌ನ ಕೆಲವು ಊರುಗಳಲ್ಲಿ ಹಾಗೆ ಆಗಿದೆ ಕೂಡ. ಹೆಂಗಸರ ಸಂಖ್ಯೆ ನಿಧಾನಕ್ಕೆ ಏರುತ್ತಿದೆ, ಆದರೂ ಗಂಡಸರದೇ ಬಹುಪಾಲು. ನಮ್ಮಂಥ ವಲಸಿಗರು ಇನ್ನೂ ಕಡಿಮೆ. ಸೇರಲು ಜರ್ಮನ್ ಪೌರತ್ವ ಬೇಕಿಲ್ಲ ಎಂಬುದು ಇಲ್ಲಿರುವ ಎಷ್ಟೋ ಕನ್ನಡಿಗರಿಗೆ ಗೊತ್ತಿಲ್ಲ. ವೈರ್‌ಲೆಸ್‌ನಲ್ಲಿ ಹೇಳಿದ್ದು ಅರ್ಥವಾಗುವಷ್ಟು ಭಾಷೆ ಬೇಕು, ಅಷ್ಟೇ. ನಮ್ಮ ಕಡೆ ಬಣವೆಗೆ ಕಿಡಿ ಬಿದ್ದಾಗ, ಬೆಟ್ಟಕ್ಕೆ ಕಿಚ್ಚು ಹತ್ತಿದಾಗ, ಹಸಿ ಸೊಪ್ಪು ಮುರಿದುಕೊಂಡು ಓಡಿದವರನ್ನು ನೋಡಿಯೇ ಬೆಳೆದವರು ನಾವು. ಈ ಕೆಲಸ ನಮಗೆ ಹೊಸದಲ್ಲ.

ಸೇರಲಾಗದವರೂ ಎರಡು ಸಂಗತಿ ತಿಳಿದಿರಬೇಕು. ತುರ್ತು ಸಂಖ್ಯೆ ಭಾರತದಲ್ಲೂ ಇಲ್ಲೂ 112. ಕರೆ ಮಾಡಿದರೆ ಮೊದಲು ಎಲ್ಲಿ ಎಂಬುದನ್ನು ಹೇಳಿ. ಫೋನು ಕಡಿದುಹೋದರೂ ಲಾರಿ ಹೊರಡಬಹುದು. ಆಮೇಲೆ ಏನಾಗಿದೆ, ಎಷ್ಟು ಜನ ಎಂದು ಹೇಳಿ, ಅವರೇ ಸಾಕು ಎನ್ನುವವರೆಗೆ ಫೋನು ಇಡಬೇಡಿ. ಇನ್ನೊಂದು, ಹೆದ್ದಾರಿಯಲ್ಲಿ ವಾಹನಗಳು ನಿಧಾನವಾಗುತ್ತಿದ್ದಂತೆ, ಸೈರನ್ ಕೇಳುವ ಮೊದಲೇ, ಎಡಗಡೆ ಸಾಲಿನವರು ಪೂರ್ತಿ ಎಡಕ್ಕೆ, ಮಿಕ್ಕ ಎಲ್ಲರೂ ಬಲಕ್ಕೆ ಸರಿಯಬೇಕು. ನಡುವೆ ತೆರೆಯುವ ಆ ಓಣಿ ಇವರ ದಾರಿ.

ಬೆಂಕಿ ಆರಿದ ಮೇಲೂ ಕೆಲಸ ಮುಗಿಯುವುದಿಲ್ಲ. ಒದ್ದೆ ಪೈಪು ಮಡಿಸಿಟ್ಟರೆ ಬೂಷ್ಟು ಹಿಡಿಯುತ್ತದೆ. ಹಳೆಯ ದಳದ ಮನೆಗಳಿಗೆ ಇರುವ ಎತ್ತರದ ಗೋಪುರ ಅವನ್ನು ನೇತುಹಾಕಿ ಒಣಗಿಸಲೆಂದೇ ಕಟ್ಟಿದ್ದು. ಮಸಿ ಹಿಡಿದ ಉಡುಪು ಮನೆಗೆ ಒಯ್ಯುವಂತಿಲ್ಲ, ಮಸಿಯಲ್ಲಿ ವಿಷವಿರುತ್ತದೆ. ಹೊಸ ಸಿಲಿಂಡರು ಏರಿಸಿ, ಟ್ಯಾಂಕಿಗೆ ನೀರು, ಲಾರಿಗೆ ಡೀಸೆಲ್ ತುಂಬಿ, ಒಣ ಪೈಪು ಜೋಡಿಸಿದ ಮೇಲೆ ಚಾಲಕರು ವೈರ್‌ಲೆಸ್‌ನ 2ನೇ ಗುಂಡಿ ಒತ್ತುತ್ತಾರೆ. ಠಾಣೆಯಲ್ಲಿದ್ದೇವೆ, ಮುಂದಿನ ಕರೆಗೆ ಸಿದ್ಧ ಎಂದು ಅದರರ್ಥ. ಕೊಟ್ಟಿಗೆಯ ಆ ರಾತ್ರಿ ಗುಂಡಿ ಒತ್ತಿದಾಗ ಬೆಳಗಿನ ಐದೂವರೆ ಆಗಿತ್ತಂತೆ. ಬ್ರೆಡ್ಡಿನವರು ಅಲ್ಲಿಂದ ನೇರ ಅಂಗಡಿಗೆ ಹೋದರು, ಟೀಚರು ಸ್ನಾನಕ್ಕೆ, ಬಡಗಿ ಹಲಗೆ ಏರಿಸಲು.